ಕಾನಿನ ಒಡೆತನ: ಮಲೆನಾಡಿನ ದೇವರ ಕಾಡುಗಳಲ್ಲಿ ನಂಬಿಕೆ ಮತ್ತು ಭೂವ್ಯವಸ್ಥೆ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಹೊನ್ನಾವರ ತಾಲೂಕುಗಳಲ್ಲೂ ಅವಕ್ಕೆ ತಾಗಿಕೊಂಡ ಶಿವಮೊಗ್ಗದ ಸಾಗರ, ಸೊರಬ ಸೀಮೆಗಳಲ್ಲೂ ‘ಕಾನು’ ಎಂಬುದು ಕಾಡು ಎಂಬ ಪದಕ್ಕೆ ಬದಲಿಯಾಗಿ ಬಳಕೆಯಾಗುವ ಮಾತಲ್ಲ. ವರ್ಷವಿಡೀ ಹಸಿರಾಗಿರುವ, ಬಿಸಿಲು ನೆಲಕ್ಕೆ ಇಳಿಯದಷ್ಟು ದಟ್ಟವಾದ, ಒಂದು ಊರಿಗೋ ಒಂದು ದೇವರಿಗೋ ಸೇರಿದ್ದೆಂದು ಎಲ್ಲರೂ ಒಪ್ಪಿಕೊಂಡಿರುವ ಕಾಡಿನ ತುಣುಕಿಗೆ ಮಾತ್ರ ಸಲ್ಲುವ ಹೆಸರು ಅದು. ತಮಿಳಿನ ‘ಕಾನ್’, ‘ಕಾನಮ್’ ಎಂಬ ಹಳೆಯ ರೂಪಗಳು ಇದೇ ಬೇರಿನವು. ಕತ್ತಲೆಕಾನು, ಕರಿಕಾನು, ಕಾನಸೂರು, ಕಾನಲೆ ಮುಂತಾದ ಸ್ಥಳನಾಮಗಳಲ್ಲಿ ಪದ ಇಂದಿಗೂ ಉಳಿದಿದ್ದು, ಕುವೆಂಪು ಅವರ 1936ರ ಕಾದಂಬರಿಯ ಕಾನೂರನ್ನು ಬಲ್ಲ ಓದುಗರಿಗೂ ಇದರ ಪರಿಚಯ ಪರೋಕ್ಷವಾಗಿ ಇದ್ದೇ ಇದೆ.

ಈ ಸೀಮೆಯ ರೈತರು ನೆಲವನ್ನು ವಿಂಗಡಿಸುವ ಕ್ರಮವನ್ನು ಗಮನಿಸದೆ ಕಾನಿನ ಅರ್ಥ ತಿಳಿಯುವುದಿಲ್ಲ. ಹುಲ್ಲು ಬೆಳೆಯುವ ಬಯಲು ‘ಬೇಣ’ವಾದರೆ, ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸಲು ಬಿಟ್ಟ ಕಾಡು ‘ಸೊಪ್ಪಿನ ಬೆಟ್ಟ’. ಉತ್ತರ ಕನ್ನಡದಲ್ಲಿ 1 ಎಕರೆ ಬಾಗಾಯ್ತಿಗೆ 9 ಎಕರೆಯವರೆಗೆ ಇಂಥ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಲ್ಲೇ ದೊರೆತಿತ್ತು. ಕಾಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಮುಂತಾದ ಧಾನ್ಯ ಬೆಳೆದು ಮುಂದಿನ ತಾಣಕ್ಕೆ ಸಾಗುವ ಬೇಸಾಯವನ್ನು ‘ಕುಮರಿ’ ಎಂದೂ, ಹಾಗೆ ಬೆಳೆದು ಬಿಟ್ಟ ಜಾಗವನ್ನು ‘ಹಕ್ಕಲು’ ಎಂದೂ ಕರೆಯುವುದುಂಟು. ನೀರು ಒಸರುವ ತಗ್ಗಿನ ಕೆಸರು ನೆಲ ‘ಜಡ್ಡಿ’. ಇಷ್ಟೊಂದು ಬಗೆಗಳ ನಡುವೆ ಕೊಡಲಿಗೂ ಬೆಂಕಿಗೂ ಸಲ್ಲದ್ದೆಂದು ಬೇರ್ಪಡಿಸಿದ್ದು ಕಾನು. ಸುತ್ತ ಎಲೆಯುದುರುವ ಕಾಡೋ ಬೇಣವೋ ಇದ್ದು ನಟ್ಟನಡುವೆ ನಿತ್ಯಹಸುರಿನ ದ್ವೀಪವೊಂದು ಕಾಣುವುದಕ್ಕೆ ಮಳೆ, ಮಣ್ಣುಗಳಷ್ಟೇ ಕಾರಣವಲ್ಲ. ವಿಶೇಷವಾಗಿ ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿರುವ ಸೊರಬದಲ್ಲಿ, ತಲೆಮಾರುಗಳ ಕಾಲ ಬೆಂಕಿಯನ್ನೂ ಕುಮರಿಯನ್ನೂ ಹೊರಗಿಟ್ಟ ಮನುಷ್ಯರ ನಿರ್ಧಾರವಿಲ್ಲದೆ ಅಂಥ ಕಾಡು ಉಳಿಯುವುದು ಕಷ್ಟವಿತ್ತು.

ಆ ನಿರ್ಧಾರಕ್ಕೆ ಕಾವಲಾಗಿದ್ದುದು ದೇವರು. ಕಾನಿನ ದೈವಗಳು ಬಹುಮಟ್ಟಿಗೆ ಗುಡಿಯಿಲ್ಲದವು: ಮರದ ಬುಡದ ಕಲ್ಲಿನಲ್ಲಿ ನೆಲೆಸಿ ನೆಲ, ನೀರುಗಳನ್ನು ಕಾಯುವ ಚೌಡಿ, ಗಡಿ ಕಾಯುವ ಭೂತಪ್ಪ, ದನಕರುಗಳಿಗೆ ಅಪಾಯ ತಾರದಂತೆ ಹರಕೆ ಸಲ್ಲಿಸಿಕೊಳ್ಳುವ ಹುಲಿದೇವರು, ಜಟಕ, ಮಾಸ್ತಿ, ನಾಗ. ನಾಗಬನ, ಚೌಡಿಬನ ಎಂಬಲ್ಲಿನ ‘ಬನ’ ಕೆಲವೇ ಮರಗಳ ಗುಂಪಾಗಿರಬಹುದು. ಕಾನಿನ ವಿಸ್ತಾರ ಅದಕ್ಕಿಂತ ಬಹಳ ದೊಡ್ಡದು. ಒಳಗೆ ಚಪ್ಪಲಿ ಮೆಟ್ಟಬಾರದು, ಬಿದ್ದ ಮರವನ್ನೂ ಹೊರಬಾರದು, ಮೈಲಿಗೆಯಲ್ಲಿ ಹೋಗಬಾರದು ಎಂಬ ಕಟ್ಟಳೆಗಳು ಊರಿಂದೂರಿಗೆ ಬಿಗಿಯಾಗಿಯೋ ಸಡಿಲವಾಗಿಯೋ ಇರುತ್ತವೆ. ಮನೆಗೆ ತೊಲೆ ಬೇಕಾದರೆ ದೇವರ ಮುಂದೆ ಪ್ರಸಾದ ಕೇಳುವ ರೂಢಿಯಿದೆ: ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಊರವರ ಕಣ್ಣೆದುರು ನಡೆಯುವ ಈ ಕೇಳಿಕೆಯಲ್ಲಿ ಯಾರಿಗೆ ಮರ ಬೇಕು, ಏತಕ್ಕೆ ಬೇಕು ಎಂಬುದು ಬಹಿರಂಗವಾಗುತ್ತದೆ; ಎಸಳು ಯಾವ ಕಡೆಗೆ ಬಿದ್ದರೂ ಗುಟ್ಟಾಗಿ ಕಡಿಯುವ ದಾರಿ ಮುಚ್ಚುತ್ತದೆ.

1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ವ್ಯವಸ್ಥೆಯನ್ನು ಕಂಡಿದ್ದನು. ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದೂ, ಪೂಜಾರಿಯೂ ಆಗಿದ್ದ ಊರಿನ ಮುಖ್ಯಸ್ಥನ ಮೂಲಕ ಅಪ್ಪಣೆ ಪಡೆಯದೆ ಮರ ಕಡಿಯುವಂತಿಲ್ಲವೆಂದೂ, ಅಪ್ಪಣೆಗೆ ದೇವರು ಏನನ್ನೂ ಪಡೆಯುವುದಿಲ್ಲವೆಂದೂ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಬರೆದು, ಕಾಡಿನ ಮೇಲೆ ಸರಕಾರ ಹಕ್ಕು ಸಾಧಿಸದಂತೆ ಮಾಡಿದ ಉಪಾಯವಿದು ಎಂಬ ತೀರ್ಮಾನಕ್ಕೆ ಬಂದನು. ನಂತರದ ವಿದ್ವಾಂಸರು ಈ ಮಾತನ್ನು ವಸಾಹತುಶಾಹಿಯ ಸಂಶಯಬುದ್ಧಿಗೆ ಉದಾಹರಣೆಯಾಗಿ ಬಳಸಿರುವುದುಂಟು. ಆದರೆ ಬುಕನನ್‌ನ ತಪ್ಪು ಅರ್ಧದಷ್ಟು ಮಾತ್ರ. ದೇವರ ಹೆಸರಿನಲ್ಲಿ ಒಂದು ಒಡೆತನ ಅಡಗಿದೆ ಎಂಬುದನ್ನು ಆತ ಸರಿಯಾಗಿಯೇ ಗುರುತಿಸಿದನು. ಅದು ನಂಬಿಕೆಯ ಸೋಗು ಹಾಕಿದ ಕುಟಿಲತೆಯೆಂದು ಭಾವಿಸಿದ್ದು ತಪ್ಪು. ಕಾಗದದ ದಾಖಲೆಯಿಲ್ಲದ ಸಮುದಾಯದಲ್ಲಿ, ಯಾವೊಬ್ಬ ವ್ಯಕ್ತಿಗೂ ಮಾರಲಾಗದ, ಪಾಲು ಮಾಡಲಾಗದ, ಸಾಲಕ್ಕೆ ಒತ್ತೆಯಿಡಲಾಗದ ಆಸ್ತಿಯೊಂದನ್ನು ಸಾಯದ ಒಡೆಯನೊಬ್ಬನ ಹೆಸರಿಗೆ ಬರೆಯಬೇಕಾದರೆ ದೇವರಲ್ಲದೆ ಬೇರೆ ಯಾರಿದ್ದರು? ಕಾನಿನ ಕಥೆಗಳನ್ನೂ ಕಟ್ಟಳೆಗಳನ್ನೂ ಜಾನಪದವೆಂದು ಮಾತ್ರ ಸಂಗ್ರಹಿಸಿಟ್ಟರೆ ಸಾಲದು, ಅವನ್ನು ಭೂಕಾನೂನಾಗಿಯೂ ಓದಬೇಕಾಗುತ್ತದೆ.

ಈ ಓದಿಗೆ ಆರ್ಥಿಕ ಆಧಾರವೂ ಇದೆ. ಕಾನು ಮುಟ್ಟಬಾರದ ಕಾಡಾಗಿರಲಿಲ್ಲ; ಕಡಿಯಬಾರದ, ಆದರೆ ಆಯಬಹುದಾದ ಕಾಡಾಗಿತ್ತು. ಕರಿಮೆಣಸು ಪಶ್ಚಿಮ ಘಟ್ಟದ ಮೂಲ ನಿವಾಸಿ ಬಳ್ಳಿಯಾದ್ದರಿಂದ, ನೆರಳನ್ನೂ ತೇವವನ್ನೂ ಬಯಸುವ ಅದಕ್ಕೆ ಕಾನಿನ ಮರಗಳೇ ಚಪ್ಪರವಾದವು. 1552ರಿಂದ 1606ರವರೆಗೆ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು; ಆಕೆಯ ಬಂದರುಗಳಿಂದ ಹೊರಟ ಮೆಣಸೆಲ್ಲ ಕಾನಿನದೆಂದು ಹೇಳಲಾಗದಿದ್ದರೂ, ತೋಟದ ಬಳ್ಳಿಗೂ ಕಾಡಿನ ಬಳ್ಳಿಗೂ ನಡುವೆ ಇಂದಿನಷ್ಟು ದೂರ ಅಂದು ಇರಲಿಲ್ಲ. ಮೆಣಸಿನ ಜೊತೆಗೆ ಹಿಟ್ಟು, ಹೆಂಡಗಳೆರಡನ್ನೂ ಕೊಡುವ ಬಗನಿ, ಸಾರಿಗೂ ಪಾನಕಕ್ಕೂ ಒದಗುವ ಮುರುಗಲು, ಬೀಜದಿಂದ ತುಪ್ಪ ತೆಗೆಯುವ ಉಪ್ಪಾಗೆ, ವಾಟೆ, ಹಲಸು, ಜೇನು, ಬೆತ್ತ ಇವೆಲ್ಲ ಕಾನಿನ ಹುಟ್ಟುವಳಿಗಳು. ಇವುಗಳಿಗಿಂತ ದೊಡ್ಡ ಲಾಭ ನೀರಿನದು: ಕಾನಿನ ಬುಡದಲ್ಲಿ ಹುಟ್ಟುವ ಹಳ್ಳ ಬೇಸಿಗೆಯಲ್ಲೂ ಹರಿದು ಕೆಳಗಿನ ಅಡಿಕೆ ತೋಟವನ್ನೂ ಗದ್ದೆಯನ್ನೂ ಸಾಕುತ್ತಿತ್ತು. ಚೌಡಿಯ ಕಲ್ಲು ಎಷ್ಟೋ ಕಡೆ ನೀರಿನ ಒರತೆಯ ಪಕ್ಕದಲ್ಲೇ ಇರುವುದು ಆಕಸ್ಮಿಕವಲ್ಲ.

ಕಾನು ಕಾಪಾಡಿದ ಸಸ್ಯಸಂಪತ್ತಿಗೆ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಒಳ್ಳೆಯ ನಿದರ್ಶನ. ಇಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳೇ ತುಂಬಿರುವ ಸಿಹಿನೀರಿನ ಜೌಗುಗಳಲ್ಲಿ, ಕೆಸರಿನಡಿಯ ಬೇರುಗಳು ಉಸಿರಾಟಕ್ಕಾಗಿ ಮಂಡಿಯಂತೆ ಮಡಚಿಕೊಂಡು ನೆಲದ ಮೇಲೆ ಏಳುತ್ತವೆ. ಹೂಬಿಡುವ ಸಸ್ಯಗಳಲ್ಲೇ ಬಹು ಪುರಾತನವಾದ ಕುಟುಂಬವೊಂದರ ಈ ನೆಲೆ ಹಳ್ಳದ ಹರಿವು ಬದಲಾದರೂ, ಮೇಲಿನ ನೆರಳು ಹರಿದರೂ ಬದುಕುವುದಿಲ್ಲ. 2000ದಲ್ಲಿ ಇಲ್ಲಿಂದ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಗೇರಿನ ಬಳಗದ ಮರವೊಂದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಡಲಾಯಿತು. ಕಂದಾಯದ ಕಾಗದಗಳಲ್ಲಿ ಮಸುಕಾಗುತ್ತಿರುವ ಕಾನು ಎಂಬ ಪದ ಹೀಗೆ ಲ್ಯಾಟಿನ್ ಹೆಸರೊಂದರಲ್ಲಿ ಭದ್ರವಾದುದು ವಿಚಿತ್ರವೇ ಸರಿ. ಈ ಸುತ್ತಿನ ಕಾಡು ಸಿಂಗಳೀಕಗಳ ನೆಲೆಯೂ ಹೌದು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದುದರ ಹಿಂದೆ ಇದೂ ಒಂದು ಕಾರಣ.

ಕಾನಿನ ಕುಸಿತವನ್ನು ನಂಬಿಕೆಯ ಕುಸಿತವೆಂದು ವಿವರಿಸುವುದು ರೂಢಿಯಾಗಿದೆ. ಆದರೆ ಕಾಲಕ್ರಮವನ್ನು ಪರಿಶೀಲಿಸಿದರೆ ದಾಖಲೆ ಮೊದಲು ಕುಸಿಯಿತು, ನಂಬಿಕೆ ಆಮೇಲೆ. ಭಾರತದ ಅರಣ್ಯಾಡಳಿತದ ಆದ್ಯರಲ್ಲೊಬ್ಬನಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬ ತಾಲೂಕೊಂದರಲ್ಲೇ 171 ಕಾನುಗಳನ್ನು, ಒಟ್ಟು 32,594 ಎಕರೆ ವಿಸ್ತಾರದಲ್ಲಿ ದಾಖಲಿಸಿದ್ದರು. ಅಂದರೆ ಒಂದೊಂದು ಕಾನೂ ಸರಾಸರಿ 190 ಎಕರೆ. ಇದಕ್ಕೆ ಆರು ವರ್ಷ ಹಿಂದೆ, 1862ರಲ್ಲಿ, ಉತ್ತರ ಕೆನರಾ ಮದರಾಸು ಆಡಳಿತದಿಂದ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ, ಒಂದೇ ಬಗೆಯ ಕಾಡು ಗಡಿಯ ಒಂದು ಬದಿಯಲ್ಲಿ ಮೈಸೂರಿನ ಕಟ್ಟಳೆಗೂ ಇನ್ನೊಂದು ಬದಿಯಲ್ಲಿ ಮುಂಬಯಿಯ ಕಟ್ಟಳೆಗೂ ಒಳಪಟ್ಟಿತು. ಉತ್ತರ ಕನ್ನಡದಲ್ಲಿ 1878ರ ಅರಣ್ಯ ಕಾಯ್ದೆಯ ಬಳಿಕ ಬಹುಪಾಲು ಕಾನುಗಳು ಮೀಸಲು ಅರಣ್ಯದಲ್ಲಿ ಕರಗಿದವು. ದೇವರ ಜಾಗಕ್ಕೆ ಇಲಾಖೆ ಬಂದಿತು, ಊರವರ ಕಾವಲಿನ ಹೊಣೆ ಕಳಚಿತು. ಸ್ವಾತಂತ್ರ್ಯಾನಂತರ ಪ್ಲೈವುಡ್ ಕೈಗಾರಿಕೆಗೆ ಬೇಕಾದ ಮೆದುಮರಗಳು ಇದೇ ನಿತ್ಯಹಸುರಿನ ಕಾಡುಗಳಿಂದ ಹೋದವು. ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನರು 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿ ನಿಂತ ‘ಅಪ್ಪಿಕೊ’ ಚಳವಳಿಯನ್ನು ಈ ಹಿನ್ನೆಲೆಯಲ್ಲಿ, ಕಳೆದುಹೋದ ಹೊಣೆಯನ್ನು ಮರಳಿ ಕೈಗೆ ತೆಗೆದುಕೊಂಡ ಕ್ರಿಯೆಯೆಂದು ಓದಬಹುದು.

ಮಾರುಕಟ್ಟೆಯೂ ಕಾನನ್ನು ಬಿಡಲಿಲ್ಲ. ಬೊಜ್ಜು ಇಳಿಸುವ ಔಷಧಕ್ಕೆ ಒದಗುತ್ತದೆಂಬ ಕಾರಣಕ್ಕೆ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಬಂದಾಗ, ಹಣ್ಣು ಉದುರುವವರೆಗೆ ಕಾಯುವ ಪದ್ಧತಿ ಹೋಗಿ ಕೊಂಬೆ ಕಡಿಯುವ ಅವಸರ ಬಂದಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸುವ ಒಲೆಗಳಿಗೆ ಸೌದೆಯೂ ಕಾಡಿನದೇ. ದೈವಗಳ ಸ್ಥಿತಿಯೂ ಬದಲಾಗಿದೆ. ಹೊನ್ನಾವರದ ಕರಿಕಾನಮ್ಮ ಕರಿಕಾನ ಪರಮೇಶ್ವರಿಯಾಗಿ ದೊಡ್ಡ ಗುಡಿಯನ್ನೂ ಭಕ್ತಸಮೂಹವನ್ನೂ ಪಡೆದ ಮೇಲೂ ಆ ಬೆಟ್ಟದಲ್ಲಿ ಮಹಾವೃಕ್ಷಗಳ ಕಾಡು ಉಳಿದಿದೆ. ಎಲ್ಲೆಡೆ ಹೀಗಾಗಿಲ್ಲ, ಬಯಲಿನ ಕಲ್ಲಿಗೆ ಕಾಂಕ್ರೀಟಿನ ಮಾಡು ಬಂದ ಕಡೆ ಪೂಜೆ ಹೆಚ್ಚುತ್ತದೆ, ಬನ ಕಿರಿದಾಗುತ್ತದೆ. ಭಕ್ತಿ ಮಾತ್ರವೇ ಕಾಡನ್ನು ಉಳಿಸುತ್ತಿತ್ತೆಂಬ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ. ಮಾಧವ ಗಾಡ್ಗೀಳ್ ಮತ್ತು ಎಂ.ಡಿ. ಸುಭಾಷ್ ಚಂದ್ರನ್ ಅವರ ಅಧ್ಯಯನಗಳು ಕಾನುಗಳನ್ನು ಪರಿಸರ ವಿಜ್ಞಾನದ ಗಂಭೀರ ವಸ್ತುವನ್ನಾಗಿಸಿದವು. ಭೂದಾಖಲೆಯ ಕಡೆಯಿಂದ ಅಂಥ ಕೆಲಸ ಇನ್ನಷ್ಟು ನಡೆಯಬೇಕಿದೆ.

ಶಿವಮೊಗ್ಗದ ಕಡೆ ಅನೇಕ ಕಾನುಗಳು ಕಂದಾಯ ಭೂಮಿಯೆಂಬ ಲೆಕ್ಕದಲ್ಲಿ ಉಳಿದು, ಎರಡು ಇಲಾಖೆಗಳ ನಡುವಿನ ಅನಾಥ ಸ್ವತ್ತಾಗಿ ಒತ್ತುವರಿಗೆ ಸುಲಭವಾಗಿ ಸಿಕ್ಕವು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದ್ದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲವೂ ಅರಣ್ಯ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ ಎಂದಿತು. ಆದರೆ ನಿಘಂಟಿನ ‘ಕಾಡು’ ಎಂಬ ಒಂದೇ ಪದ ಬೆಟ್ಟ, ಹಕ್ಕಲು, ಕಾನುಗಳ ಭೇದವನ್ನು ಕಾಣುವುದಿಲ್ಲ. ಆ ತೀರ್ಪಿನಿಂದ ಹುಟ್ಟಿದ ‘ಪರಿಭಾವಿತ ಅರಣ್ಯ’ದ ಪಟ್ಟಿಯನ್ನು, ಅಂದರೆ ಅಧಿಸೂಚನೆಯಿಲ್ಲದಿದ್ದರೂ ಅರಣ್ಯವೆಂದು ಭಾವಿಸಬೇಕಾದ ಭೂಮಿಯ ಪಟ್ಟಿಯನ್ನು, ಕರ್ನಾಟಕ ಸರಕಾರ 2022ರಲ್ಲಿ ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಅಂಥ ಪರಿಷ್ಕರಣೆಯಲ್ಲಿ ಕಾನು ಎಂಬ ಪ್ರತ್ಯೇಕ ಶೀರ್ಷಿಕೆ ಇಲ್ಲದಿರುವುದೇ ಅದರ ದೊಡ್ಡ ದೌರ್ಬಲ್ಯ.

ಜೀವವೈವಿಧ್ಯ ಕಾಯ್ದೆ, 2002 ಇದಕ್ಕೊಂದು ದಾರಿ ತೆರೆದಿದೆ. ಅದರಡಿ ಚಿಕ್ಕಮಗಳೂರಿನ ಹೊಗರೇಕಾನು ಈಗಾಗಲೇ ಜೀವವೈವಿಧ್ಯ ಪಾರಂಪರಿಕ ತಾಣವಾಗಿದೆ. ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಕಾನಿನ ಹೆಸರು, ದೈವ, ಎಲ್ಲೆ, ಒರತೆ, ಕಟ್ಟಳೆಗಳನ್ನು ಬರೆದಿಡಲು ಅವಕಾಶವೂ ಇದೆ. ಸೊರಬದ 171 ಕಾನುಗಳ ಹಳೆಯ ಪಟ್ಟಿಯನ್ನು ಇಂದಿನ ಪಹಣಿಗಳೊಡನೆ ಒಂದೊಂದಾಗಿ ತಾಳೆ ನೋಡುವ ಕೆಲಸವನ್ನು ಸ್ಥಳೀಯ ಕಾಲೇಜುಗಳ ಇತಿಹಾಸ ಮತ್ತು ಸಸ್ಯಶಾಸ್ತ್ರ ವಿಭಾಗಗಳು ಒಟ್ಟಾಗಿ, ಯಾವ ಕಲ್ಲು ಯಾವ ಚೌಡಿಯದು ಎಂದು ತೋರಿಸಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇರುವಾಗಲೇ ಕೈಗೆತ್ತಿಕೊಳ್ಳಬೇಕು.