ಎಳ್ಳು-ಬೆಲ್ಲದ ಇತಿಹಾಸ

ಹಬ್ಬದ ತಿನಿಸುಗಳು ಕೇವಲ ನಾಲಗೆಯ ಚಾಪಲ್ಯದಿಂದ ಹುಟ್ಟಿದವೆಂದು ಭಾವಿಸುವುದು ಸರಿಯಲ್ಲ. ಒಂದು ಜನಾಂಗದ ಒಕ್ಕಲುತನ, ಅದರ ಪಂಚಾಂಗ, ಅದು ಪರದೇಶಗಳೊಡನೆ ನಡೆಸಿದ ಕೊಡುಕೊಳೆ, ಕಡೆಗೆ ಅದರ ನುಡಿ, ಇವೆಲ್ಲವೂ ಒಂದು ಹಿಡಿ ತಿನಿಸಿನಲ್ಲಿ ಅಡಗಿರಬಹುದು. ಮಕರ ಸಂಕ್ರಾಂತಿಯ ದಿನ ನಾವು ಬೀರುವ ಎಳ್ಳು-ಬೆಲ್ಲವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಮೊದಲು ಎಳ್ಳನ್ನೇ ವಿಚಾರಿಸೋಣ. ಇದು ನಮ್ಮ ದೇಶದ್ದೇ ಆದ ಧಾನ್ಯ. ಇದರ ಕಾಡುಬಂಧುವು ಭಾರತದಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ. ಹರಪ್ಪದ ಉತ್ಖನನದಲ್ಲಿ ದೊರೆತ ಸುಟ್ಟು ಕರಿದಾದ ಎಳ್ಳಿನ ಕಾಳುಗಳು ಸುಮಾರು 4000 ವರ್ಷಗಳಷ್ಟು ಹಳೆಯವು. ಸಂಸ್ಕೃತದಲ್ಲಿ ತಿಲದಿಂದ ತೈಲವೆಂಬ ಶಬ್ದ ಹುಟ್ಟಿದಂತೆ, ನಮ್ಮಲ್ಲಿ ‘ಎಳ್’ ಮತ್ತು ‘ನೆಯ್’ ಕೂಡಿ ‘ಎಣ್ಣೆ’ಯಾಯಿತು, ತಮಿಳಿನ ‘ಎಣ್ಣೆಯ್’ ಕೂಡ ಇದೇ ಬೇರಿನದು. ಆದುದರಿಂದ ಇಂದು ನಾವು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಎನ್ನುವಾಗಲೂ ಅರಿಯದೆಯೇ ಎಳ್ಳಿನ ಹೆಸರನ್ನು ಹೇಳುತ್ತಿರುತ್ತೇವೆ. ಪಿತೃಗಳಿಗೆ ತರ್ಪಣ ಬಿಡುವುದೂ ಎಳ್ಳಿನಿಂದಲೇ. ಕೈಬಿಟ್ಟ ವಿಷಯಕ್ಕೆ ‘ಎಳ್ಳುನೀರು ಬಿಟ್ಟರು’ ಎಂದು ಹೇಳುವ ವಾಡಿಕೆಯೂ ಇದರಿಂದ ಬಂದಿದೆ. ನಮ್ಮ ಹೊಸೂರು, ಡೆಂಕಣಿಕೋಟೆಯ ಸೀಮೆಯಲ್ಲಿ ರಾಗಿಯ ಹೊಲಗಳ ನಡುವೆ ಹಳದಿ ಹೂ ಬಿಡುವ ಹುಚ್ಚೆಳ್ಳು ಮಾತ್ರ ಬೇರೆಯ ಜಾತಿಯದು. ಅದರ ಮೂಲ ಆಫ್ರಿಕಾದ ಇಥಿಯೋಪಿಯ.

ಈಗ ಸ್ವಲ್ಪ ದೂರಕ್ಕೆ ದೃಷ್ಟಿ ಹಾಯಿಸೋಣ. ಚೀಣಾದೇಶದಲ್ಲಿ ದಕ್ಷಿಣಾಯನವು ಮುಗಿಯುವ ದಿನ, ಎಂದರೆ ಡಿಸೆಂಬರ್ 21 ಅಥವಾ 22ರಂದು, ದೊಂಗ್‌ಝಿ ಎಂಬ ಹಬ್ಬವು ನಡೆಯುತ್ತದೆ. ಅಂದು ದಕ್ಷಿಣ ಚೀಣಾದ ಮನೆಗಳಲ್ಲಿ ಅಂಟಕ್ಕಿಯ ಹಿಟ್ಟಿನಿಂದ ಉಂಡೆ ಕಟ್ಟಿ, ಬಿಸಿನೀರಿನಲ್ಲಿ ಬೇಯಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತಿನ್ನುತ್ತಾರೆ. ಇದಕ್ಕೆ ತಾಂಗ್‌ಯುವಾನ್ ಎಂದು ಹೆಸರು. ಈ ಶಬ್ದದ ಧ್ವನಿಯು ‘ಕುಟುಂಬದ ಕೂಡಿಕೆ’ ಎಂಬರ್ಥದ ಅವರ ಇನ್ನೊಂದು ಶಬ್ದವನ್ನು ಹೋಲುವುದರಿಂದ ಉಂಡೆಯು ಒಗ್ಗಟ್ಟಿನ ಗುರುತಾಗಿದೆ. ಅದನ್ನು ತಿಂದವರಿಗೆ ಒಂದು ವರ್ಷ ವಯಸ್ಸು ಕೂಡಿತೆಂದು ಎಣಿಸುವ ವಾಡಿಕೆಯೂ ಉಂಟು. ಉಂಡೆಯೊಳಗಿನ ಹೂರಣಗಳಲ್ಲಿ ಹೆಸರಾದುದು ಯಾವುದು? ಕರಿಯೆಳ್ಳು ಮತ್ತು ಸಕ್ಕರೆ!

ಇದು ಕೇವಲ ಆಕಸ್ಮಿಕವೆಂದು ತೋರಬಹುದು. ಆದರೆ ಎರಡು ಹಬ್ಬಗಳ ಹಿಂದೆಯೂ ಇರುವವನು ಒಬ್ಬನೇ ಸೂರ್ಯನು. ನಮ್ಮ ಸಂಕ್ರಾಂತಿಯನ್ನು ನಕ್ಷತ್ರಗಳ ಆಧಾರದಿಂದ ಗಣಿಸುವುದರಿಂದ ಅದು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಹಿಂದೆ ಬೀಳುತ್ತ ಬಂದು ಈಗ ಜನವರಿ 14 ಅಥವಾ 15ಕ್ಕೆ ನಿಂತಿದೆ. ಸುಮಾರು 1700 ವರ್ಷಗಳ ಹಿಂದೆ ಅದೂ ಉತ್ತರಾಯಣದ ನಿಜವಾದ ಆರಂಭವೂ ಒಂದೇ ದಿನ ಬರುತ್ತಿದ್ದುವು. ಚಳಿಯ ಕಾಲದಲ್ಲಿ ಜಿಡ್ಡುಳ್ಳ ಎಳ್ಳೂ ಸಿಹಿಯೂ ದೇಹಕ್ಕೆ ಹಿತವೆಂಬುದನ್ನು ಎರಡು ದೇಶಗಳ ಹಿರಿಯರೂ ಕಂಡುಕೊಂಡಿದ್ದರು.

ಕೊಡುಕೊಳೆಯ ಕಥೆಯು ಇನ್ನೂ ಸ್ವಾರಸ್ಯವಾದುದು. ಚೀಣರು ಎಳ್ಳನ್ನು ಹಿಂದೆ ‘ಹೂಮಾ’, ಎಂದರೆ ಪರದೇಶದ ಸೆಣಬು ಎಂದು ಕರೆಯುತ್ತಿದ್ದರು. ಅದು ಪಶ್ಚಿಮದ ದಾರಿಯಿಂದ ಬಂದುದೆಂಬುದಕ್ಕೆ ಈ ಹೆಸರೇ ಸಾಕ್ಷಿ. ಕ್ರಿ. ಶ. 647ರಲ್ಲಿ ತಾಂಗ್ ವಂಶದ ತೈಝೋಂಗ್ ಚಕ್ರವರ್ತಿಯು ಸಕ್ಕರೆ ಮಾಡುವ ಕ್ರಮವನ್ನು ಕಲಿತುಬರಲು ಮಗಧಕ್ಕೆ ದೂತರನ್ನು ಕಳುಹಿಸಿದನು. ಹೀಗೆ ಇಲ್ಲಿಂದ ಹೋದ ವಿದ್ಯೆಯು ಅಲ್ಲಿ ಬೆಳೆದು, ಮುಂದೆ ಬಿಳಿಯ ಸಕ್ಕರೆಗೆ ಹಿಂದಿಯಲ್ಲಿ ‘ಚೀನಿ’ ಎಂಬ ಹೆಸರೇ ನಿಂತಿತು. ಗುರುವು ಶಿಷ್ಯನ ಹೆಸರನ್ನು ತನ್ನ ಮನೆಯ ಡಬ್ಬಿಗೆ ಬರೆದಿಟ್ಟಂತಾಯಿತು.

ಎಳ್ಳು-ಬೆಲ್ಲದ ತಟ್ಟೆಯಲ್ಲಿ ಕುಳಿತ ಉಳಿದವರಾರು? ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ. ಕಡಲೆಯು ಬಹು ಪ್ರಾಚೀನ ಕಾಲದಲ್ಲಿಯೇ ಪಶ್ಚಿಮ ಏಷ್ಯಾದಿಂದ ಬಂದಿತು. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ್ದು. ಕೊಲಂಬಸನು 1492ರಲ್ಲಿ ಆ ಖಂಡದ ದಾರಿಯನ್ನು ತೆರೆದ ಮೇಲಲ್ಲದೆ ಅದು ಇಲ್ಲಿಗೆ ಬರುವಂತಿರಲಿಲ್ಲ. ಎಂದಮೇಲೆ ಈಗಿನ ರೂಪದ ಎಳ್ಳು-ಬೆಲ್ಲವನ್ನು ವಿಜಯನಗರದ ಮೊದಲ ಅರಸರು ಕಂಡಿರಲಾರರು. ‘ಅನಾದಿಕಾಲದಿಂದ ಬಂದ ಪದ್ಧತಿ’ ಎಂದು ನಾವು ಹೇಳುವ ತಟ್ಟೆಯಲ್ಲಿ ಹೊಸ ಅತಿಥಿಗಳೂ ಇದ್ದಾರೆ. ಅವರನ್ನು ನಮ್ಮ ಹಿರಿಯರು ಹೊರಗಿಡಲಿಲ್ಲ.

ಹಾಗಾದರೆ ಈ ತಿನಿಸು ಕನ್ನಡಿಗರದಾಗುವುದು ಯಾವುದರಿಂದ? ನಮ್ಮ ಅಭಿಪ್ರಾಯದಲ್ಲಿ, ಅದನ್ನು ಕೊಡುವಾಗ ಆಡುವ ಮಾತಿನಿಂದ. ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ’ ಎಂಬ ಒಂದು ವಾಕ್ಯವನ್ನು ಬಿಟ್ಟರೆ ಉಳಿಯುವುದು ಅಂಗಡಿಯ ಸರಕು ಮಾತ್ರ. ಮಹಾರಾಷ್ಟ್ರರೂ ಎಳ್ಳುಂಡೆ ಕೊಟ್ಟು ಇದೇ ಅರ್ಥದ ಮಾತನ್ನು ತಮ್ಮ ನುಡಿಯಲ್ಲಿ ಹೇಳುತ್ತಾರೆ. ಹೆಣ್ಣುಮಕ್ಕಳು ಹೊಸ ಬಟ್ಟೆಯುಟ್ಟು, ತಟ್ಟೆಯಲ್ಲಿ ಎಳ್ಳು, ಸಕ್ಕರೆಯಚ್ಚು, ಕಬ್ಬಿನ ತುಂಡು, ಬಾಳೆಹಣ್ಣುಗಳನ್ನಿಟ್ಟುಕೊಂಡು ಮನೆಮನೆಗೆ ಹೋಗುವುದು ಈ ಮಾತನ್ನು ಹಂಚುವುದಕ್ಕಾಗಿಯೇ. ವರ್ಷವೆಲ್ಲ ಮುನಿಸಿಕೊಂಡಿದ್ದ ಎರಡು ಮನೆಗಳ ನಡುವೆ ಮತ್ತೆ ಮಾತು ಹುಟ್ಟಲು ಇದಕ್ಕಿಂತ ಗೌರವವಾದ ನೆಪ ಬೇರೊಂದಿಲ್ಲ.

ಡೆಂಕಣಿಕೋಟೆಯಂಥ ಗಡಿಯ ಊರಿನಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದ ನಾವು 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿದೆವು. ಬೇಟರಾಯಸ್ವಾಮಿಯ ಈ ಊರಿನಲ್ಲಿ ಅದೇ ದಿನ ಒಂದು ಮನೆಯಲ್ಲಿ ಪೊಂಗಲು ಉಕ್ಕುತ್ತದೆ, ಇನ್ನೊಂದರಲ್ಲಿ ಎಳ್ಳು ಹಚ್ಚಿದ ಅರಿಸೆ ಬೇಯುತ್ತದೆ, ಮತ್ತೊಂದರಲ್ಲಿ ಎಳ್ಳು ಬೀರುತ್ತಾರೆ. ಇದು ಭಾಗ್ಯವೇ ಸರಿ. 2006ರ ಶಾಸನದಂತೆ ಮಕ್ಕಳು ಶಾಲೆಯಲ್ಲಿ ತಮಿಳನ್ನು ಕಲಿಯುತ್ತಾರೆ. ಕಲಿಯಲಿ, ನೆರೆಯವರ ನುಡಿ ಬಲ್ಲವನಿಗೆ ನಷ್ಟವಿಲ್ಲ. ಆದರೆ ಕನ್ನಡ ಮನೆಯ ಮಕ್ಕಳೂ ಎಳ್ಳಿನ ಪೊಟ್ಟಣವನ್ನು ಮೌನವಾಗಿ ಕೈಗಿತ್ತು ಓಡಿಬರುವುದನ್ನು ಕಂಡಾಗ ಮನಸ್ಸು ನೋಯುತ್ತದೆ. ಬೆಂಗಳೂರಿನಿಂದ ಕಟ್ಟಿಬರುವ ಪೊಟ್ಟಣದಲ್ಲಿ ಎಳ್ಳುಂಟು, ಬೆಲ್ಲವುಂಟು. ಮಾತನ್ನು ಮಾತ್ರ ಯಾವ ಅಂಗಡಿಯೂ ಕಟ್ಟಿಕೊಡಲಾರದು.

ಪಾಠಪುಸ್ತಕದಲ್ಲಿ ಇಲ್ಲದ ಪಾಠವನ್ನು ಕಲಿಸುವುದು ತಾಯ್ತಂದೆಗಳ ಹೊಣೆ. ಬರುವ ಸಂಕ್ರಾಂತಿಯಂದು ಮಗುವಿನ ಕೈಯಲ್ಲಿ ತಟ್ಟೆಯನ್ನು ಕೊಡುವ ಮೊದಲು ಅದರ ಬಾಯಲ್ಲಿ ಆ ಒಂದು ವಾಕ್ಯವನ್ನು ಎರಡು ಬಾರಿ ಹೇಳಿಸೋಣ. ತಮಿಳರ ಮನೆಯ ಬಾಗಿಲಲ್ಲಿಯೂ ತೆಲುಗರ ಮನೆಯ ಬಾಗಿಲಲ್ಲಿಯೂ ಅದು ಕನ್ನಡದಲ್ಲಿಯೇ ಕೇಳಿಸಲಿ. ಒಳ್ಳೆಯ ಮಾತನ್ನು ಬೇಡುವ ನುಡಿಯನ್ನು ಯಾವ ನೆರೆಯವರೂ ಬೇಡವೆನ್ನಲಾರರು.