ಕಾರ್ಖಾನೆ ಪಕ್ಕದ ಜಾಗ: ಸೈಟು ತಗೊಳ್ಳುವ ಮುಂಚೆ, ಅಂಗಡಿ ಹಾಕುವ ಮುಂಚೆ ಏನೇನು ನೋಡಬೇಕು?

ಹಾಸನ: ನಗರ ಬೆಳೆದಂತೆಲ್ಲ ಲೇಔಟ್‌ಗಳು ಇಂಡಸ್ಟ್ರಿಯಲ್ ಏರಿಯಾ ಕಡೆಗೇ ಹೋಗುತ್ತಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಹೊಳೆನರಸೀಪುರದ ಸುತ್ತ ಅಕ್ಕಿ ಗಿರಣಿಗಳಿವೆ. ಇಂಥ ಕಡೆ ಕೆಲಸ ಸಿಗುತ್ತೆ, ವ್ಯಾಪಾರ ಆಗುತ್ತೆ ಅಂತ ಜನ ಹತ್ತಿರದಲ್ಲೇ ಸೈಟು ಹುಡುಕುವುದು ಸಹಜ. ಊರ ಮಧ್ಯಕ್ಕೆ ಹೋಲಿಸಿದರೆ ರೇಟೂ ಕಮ್ಮಿ ಇರುತ್ತೆ.

ತೊಂದರೆ ಗೊತ್ತಾಗುವುದು ಗೃಹಪ್ರವೇಶ ಆದ ಮೇಲೆ. ರಾತ್ರಿ ಮಷೀನ್ ಸದ್ದು, ಬಟ್ಟೆ ಮೇಲೆ ಬೂದಿ, ಬಾವಿ ನೀರಿನ ವಾಸನೆ, ಮನೆ ಮುಂದೆ ಸಾಲುಗಟ್ಟಿದ ಲಾರಿ. ಆಗ ಕಾರ್ಖಾನೆಯನ್ನು ಎತ್ತಿ ಬೇರೆ ಕಡೆ ಇಡೋಕೆ ಆಗಲ್ಲ, ಸಾಲ ಮಾಡಿ ಕಟ್ಟಿದ ಮನೆಯನ್ನೂ ಎತ್ತೋಕೆ ಆಗಲ್ಲ. ಎರಡರ ನಡುವೆ ಎಷ್ಟು ಅಂತರ ಇರಬೇಕು ಅನ್ನುವುದು ಲೇಔಟ್ ಆಗುವ ಮೊದಲೇ ತೀರ್ಮಾನ ಆಗಬೇಕಾದ ವಿಷಯ. ಅದು ಎಲ್ಲಿ ತೀರ್ಮಾನ ಆಗುತ್ತೆ, ಸಾಮಾನ್ಯ ಜನ ಎಲ್ಲಿ ಮಾತಾಡಬಹುದು ಅನ್ನುವ ಮಾಹಿತಿ ಇಲ್ಲಿದೆ.

ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ಜಾಗದ ಬಣ್ಣ ಯಾವುದು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಪ್ರತಿ ಯೋಜನಾ ಪ್ರಾಧಿಕಾರವೂ ತನ್ನ ವ್ಯಾಪ್ತಿಗೆ ಮಾಸ್ಟರ್ ಪ್ಲಾನ್ ಮಾಡಬೇಕು. ಹಾಸನದಲ್ಲಿ ಈ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ನಾವೆಲ್ಲ ಕರೆಯುವ ಹುಡಾ. ಉಳಿದ ತಾಲ್ಲೂಕುಗಳಲ್ಲಿ ಆಯಾ ಪಟ್ಟಣದ ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

ಈ ನಕ್ಷೆಯಲ್ಲಿ ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಬಳಕೆ, ಉದ್ಯಾನ, ಕೃಷಿ ಎಂದು ಪ್ರತಿ ಸರ್ವೆ ನಂಬರಿಗೂ ಒಂದು ವಲಯ ಗುರುತಿಸಿ ಬಣ್ಣ ಹಾಕಿರುತ್ತಾರೆ. ಕರಡು ಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರು ಲಿಖಿತ ಆಕ್ಷೇಪಣೆ ಕೊಡಲು 60 ದಿನ ಅವಕಾಶ ಇದೆ. ಕನಿಷ್ಠ 10 ವರ್ಷಕ್ಕೊಮ್ಮೆ ಯೋಜನೆಯನ್ನು ಪರಿಷ್ಕರಿಸಬೇಕು ಅಂತಲೂ ಕಾಯ್ದೆ ಹೇಳುತ್ತೆ.

ನಕ್ಷೆ ಮಾಡುವಾಗ ಕಾರ್ಖಾನೆ ಅಲ್ಲೇ ಇದ್ದರೆ ಅದರ ಜಾಗಕ್ಕೆ ಕೈಗಾರಿಕೆ ಬಣ್ಣ ಬೀಳುತ್ತೆ. ಪ್ರಶ್ನೆ ಇರುವುದು ಕಾಂಪೌಂಡಿನ ಹೊರಗಿನ ಜಮೀನಿನದು. ಅದನ್ನು ಕೃಷಿ, ಉದ್ಯಾನ, ಗೋದಾಮು ಅಂತ ಬಿಟ್ಟರೆ ಊರಿಗೂ ಕಾರ್ಖಾನೆಗೂ ನಡುವೆ ಅಂತರ ಉಳಿಯುತ್ತೆ. ನೇರವಾಗಿ ವಸತಿ ಅಂತ ಬರೆದರೆ ಗೋಡೆಗೆ ಗೋಡೆ ತಾಗಿಸಿ ಮನೆ ಬರುತ್ತೆ.

ಇನ್ನೊಂದು ದಾರಿ ಇದೆ. ಮಾಸ್ಟರ್ ಪ್ಲಾನ್ ಆದ ಮೇಲೂ ಕಲಂ 14-ಎ ಅಡಿ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬಹುದು. ಕೃಷಿ ಅಥವಾ ಹಸಿರು ಅಂತ ಇದ್ದ ಜಾಗ ಒಂದೊಂದೇ ಸರ್ವೆ ನಂಬರು ವಸತಿ ಆಗುವುದು ಹೀಗೆ. ಇದಕ್ಕೆ ಮುಂಚೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಓದುವವರು ಕಮ್ಮಿ. ಗಡುವು ಮುಗಿದ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

"ಕಾರ್ಖಾನೆ ಮೊದಲಿಂದ ಇತ್ತು, ನೀವೇ ಬಂದಿದ್ದು" ಅಂದ್ರೆ?

ಈ ಮಾತು ಅರ್ಧ ಸರಿ. ಮೊದಲಿಂದ ಕಾನೂನುಬದ್ಧವಾಗಿ ನಡೆಯುತ್ತಿರುವ ಕಾರ್ಖಾನೆಯನ್ನು ಪಕ್ಕದಲ್ಲಿ ಮನೆ ಬಂತು ಅನ್ನುವ ಒಂದೇ ಕಾರಣಕ್ಕೆ ಮುಚ್ಚಿಸಲು ಬರುವುದಿಲ್ಲ. ಕಬ್ಬು ಹಾಕಿದ ರೈತರು, ಹಾಲು ಹಾಕುವ ಮನೆಗಳು, ಕೆಲಸಗಾರರು, ಎದುರಿನ ಹೋಟೆಲ್ ಇವರ ಬದುಕೂ ಅದರ ಮೇಲೆ ನಿಂತಿರುತ್ತೆ.

ಆದರೆ ಮೊದಲು ಬಂದವರು ಅನ್ನುವುದು ಮಾಲಿನ್ಯ ಮಾಡಲು ಪರವಾನಗಿ ಅಲ್ಲ. ಜಲ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981ರ ಅಡಿ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರದಲ್ಲಿ ಷರತ್ತುಗಳಿರುತ್ತವೆ. ಹೊಗೆ, ಬೂದಿ, ಹೊರಬಿಡುವ ನೀರು ಎಲ್ಲಕ್ಕೂ ಮಿತಿ ಇರುತ್ತೆ. ಷರತ್ತು ಮೀರಿದರೆ ಹಾಸನದಲ್ಲಿರುವ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಬಹುದು. "ವಾಸನೆ ಬರ್ತಿದೆ" ಅಂತ ಮಾತ್ರ ಬರೆದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯಿಂದ ಅಂತ 15 ದಿನ ಬರೆದಿಟ್ಟು ಕೊಟ್ಟರೆ ದೂರಿಗೆ ತೂಕ ಬರುತ್ತೆ.

ಶಬ್ದದ ಲೆಕ್ಕ

ಶಬ್ದ ಮಾಲಿನ್ಯ ನಿಯಮ 2000ರಲ್ಲಿ ಪ್ರತಿ ವಲಯಕ್ಕೂ ಬೇರೆ ಮಿತಿ ಇದೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ ಎಂದು ಲೆಕ್ಕ.

- ಕೈಗಾರಿಕಾ ಪ್ರದೇಶ: ಹಗಲು 75 ಡೆಸಿಬಲ್, ರಾತ್ರಿ 70
- ವಾಣಿಜ್ಯ ಪ್ರದೇಶ: ಹಗಲು 65, ರಾತ್ರಿ 55
- ವಸತಿ ಪ್ರದೇಶ: ಹಗಲು 55, ರಾತ್ರಿ 45
- ನಿಶ್ಶಬ್ದ ವಲಯ: ಹಗಲು 50, ರಾತ್ರಿ 40

ರಾತ್ರಿ ಹೊತ್ತು ಕೈಗಾರಿಕಾ ಪ್ರದೇಶಕ್ಕೂ ವಸತಿ ಪ್ರದೇಶಕ್ಕೂ 25 ಡೆಸಿಬಲ್ ವ್ಯತ್ಯಾಸ. ಬೇಲಿಯ ಆ ಕಡೆ ಕಾನೂನು ಒಪ್ಪುವ ಸದ್ದು ಈ ಕಡೆ ಮಲಗುವ ಕೋಣೆಯಲ್ಲಿ ಕಾನೂನಿಗೆ ವಿರುದ್ಧ ಆಗುತ್ತೆ. ಎರಡು ವಲಯಗಳನ್ನು ನಡುವೆ ಏನೂ ಬಿಡದೆ ಅಂಟಿಸಿದರೆ ಜಗಳ ಖಾತ್ರಿ, ತಪ್ಪು ಯಾರದೂ ಇಲ್ಲದಿದ್ದರೂ.

ನೆಲದಡಿಯ ಪೈಪು: ಹಾಸನದ ವಿಶೇಷ

ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಕಾಣದ ಒಂದು ಕೈಗಾರಿಕೆ ಇದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಪೈಪ್‌ಲೈನ್ 2003ರಲ್ಲಿ ಶುರುವಾಯಿತು. ಉದ್ದ ಸುಮಾರು 360 ಕಿ.ಮೀ. ಆಮೇಲೆ ಮಂಗಳೂರು–ಹಾಸನ–ಮೈಸೂರು–ಸೋಲೂರು ಅಡುಗೆ ಅನಿಲದ ಪೈಪ್‌ಲೈನ್ ಬಂತು. ಹಾಸನದಿಂದ ಹೈದರಾಬಾದ್ ಬಳಿಯ ಚೆರ್ಲಪಲ್ಲಿಗೆ ಇನ್ನೊಂದು ಅನಿಲ ಮಾರ್ಗವೂ ಇದೆ. ಇಂಧನ ಸಾಗಣೆಯಲ್ಲಿ ಹಾಸನ ಒಂದು ಜಂಕ್ಷನ್.

ಇಂಥ ಪೈಪು ಹೋದ ಜಮೀನಿಗೆ 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆ ಅನ್ವಯಿಸುತ್ತೆ. ಜಮೀನು ರೈತನ ಹೆಸರಲ್ಲೇ ಇರುತ್ತೆ, ಬೆಳೆ ಬೆಳೆಯಬಹುದು. ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಆದರೆ ಆ ಪಟ್ಟಿಯೊಳಗೆ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆ ಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಪಟ್ಟಿಯ ಅಗಲ ಸಾಮಾನ್ಯವಾಗಿ 18 ಮೀಟರ್, ಅಂದರೆ ಸುಮಾರು 60 ಅಡಿ. ಒಂದು 30×40 ಸೈಟು ಇಡಿಯಾಗಿ ಅದರೊಳಗೆ ಕೂತುಬಿಡಬಹುದು.

ಪತ್ರದಲ್ಲಿ ಸೈಟು ಇರುತ್ತೆ, ಮಾರುವವನ ಹೆಸರೂ ಸರಿ ಇರುತ್ತೆ, ಮನೆ ಮಾತ್ರ ಕಟ್ಟೋಕೆ ಆಗಲ್ಲ. ಹಾಗಾಗಿ ಪಹಣಿಯ ಹಕ್ಕು ಮತ್ತು ಋಣಗಳ ಕಾಲಂ ನೋಡಿ. ಅಲ್ಲಿ ನಮೂದು ಇಲ್ಲ ಅಂತ ಸುಮ್ಮನಾಗಬೇಡಿ, ಜಾಗದಲ್ಲಿ ಒಮ್ಮೆ ಓಡಾಡಿ. ಹೊಲದ ಬದುವಿನಲ್ಲಿ, ರಸ್ತೆ ದಾಟುವ ಕಡೆ ಪೈಪ್‌ಲೈನ್ ಎಚ್ಚರಿಕೆ ಬೋರ್ಡ್, ಗುರುತು ಕಲ್ಲು ನೆಟ್ಟಿರುತ್ತಾರೆ. ಅಕ್ಕಪಕ್ಕದ ಹೊಲದವರನ್ನು ಕೇಳಿ. ಪೈಪು ಹೂತಾಗ ಪರಿಹಾರ ತಗೊಂಡವರಿಗೆ ಜಾಗ ಚೆನ್ನಾಗಿ ಗೊತ್ತಿರುತ್ತೆ.

ಅಂತರ ಇಲ್ಲದ ಊರುಗಳಲ್ಲಿ ಏನಾಯ್ತು?

ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆ ಬೇರೆ ಹೆಸರಿನಲ್ಲಿ 1961ರಲ್ಲಿ ಆರಂಭವಾಗಿತ್ತು. ನಗರ ಬೆಳೆಯುತ್ತಾ ಹೋಗಿ ಗೋಡೆ ಪಕ್ಕವೇ ಮನೆಗಳು ತುಂಬಿದವು. 2020ರ ಮೇ 7ರ ಬೆಳಗಿನ ಜಾವ ಟ್ಯಾಂಕಿನಿಂದ ಸ್ಟೈರೀನ್ ಅನಿಲ ಸೋರಿ, ಮಲಗಿದ್ದ 12 ಮಂದಿ ತೀರಿಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು. ತನಿಖೆ ಮಾಡಿದ ಸಮಿತಿ ಕಾರ್ಖಾನೆಯನ್ನು ಜನವಸತಿಯಿಂದ ದೂರ ಸಾಗಿಸಬೇಕು ಎಂದಿತು.

ಜೈಪುರದ ಸೀತಾಪುರ ಕೈಗಾರಿಕಾ ಪ್ರದೇಶದ ತೈಲ ಟರ್ಮಿನಲ್‌ಗೆ 2009ರ ಅಕ್ಟೋಬರ್ 29ರಂದು ಬಿದ್ದ ಬೆಂಕಿ ಹತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ದಿನಗಟ್ಟಲೆ ಉರಿಯಿತು, ಸುತ್ತಲಿನ ಕಾರ್ಖಾನೆ ಕಟ್ಟಡಗಳಿಗೂ ಹಾನಿಯಾಯಿತು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಂದರೆ ಪೈಪ್‌ಲೈನ್ ಹೊರಡುವ ಮಂಗಳೂರಿಗೇ ಹೋಗಬೇಕು. ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ ಕೋಕ್ ಮತ್ತು ಸಲ್ಫರ್ ಘಟಕದ ಪಕ್ಕದ ಜೋಕಟ್ಟೆ ಜನ ಧೂಳು, ವಾಸನೆ, ಸದ್ದಿನ ವಿರುದ್ಧ ಹೋರಾಡಿದರು. 2016ರಲ್ಲಿ ಸರ್ಕಾರ ಘಟಕಕ್ಕೂ ಊರಿಗೂ ನಡುವೆ 27 ಎಕರೆ ಹಸಿರು ವಲಯ ಮಾಡಬೇಕೆಂದು ಆದೇಶಿಸಿತು. ಆಮೇಲೆ ಆ ಜಾಗ ಹೊಂದಿಸುವುದೇ ವರ್ಷಗಟ್ಟಲೆ ಎಳೆದ ಕೆಲಸ ಆಯಿತು. ಅಲ್ಲಿ ಊರು ಮೊದಲಿತ್ತು, ಘಟಕ ಆಮೇಲೆ ಬಂತು. ವಿಶಾಖಪಟ್ಟಣದಲ್ಲಿ ಉಲ್ಟಾ. ಎರಡೂ ಕಡೆ ಬಿಡಬೇಕಾದ ಜಾಗವನ್ನು ಮೊದಲೇ ಬಿಟ್ಟಿರಲಿಲ್ಲ.

ಹಾಸನದಲ್ಲಿ ಹೀಗೇ ಆಗುತ್ತೆ ಅಂತ ಹೆದರಿಸುವುದು ಉದ್ದೇಶ ಅಲ್ಲ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮದಡಿ, ದೊಡ್ಡ ಪ್ರಮಾಣದಲ್ಲಿ ಇಂಥ ವಸ್ತು ಇಟ್ಟುಕೊಳ್ಳುವ ಘಟಕ ಆವರಣದೊಳಗಿನ ತುರ್ತು ಯೋಜನೆ ಮಾಡಬೇಕು, ಆವರಣದ ಹೊರಗಿನ ಯೋಜನೆ ಜಿಲ್ಲಾಡಳಿತದ್ದು. ಅವಘಡ ಆದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಸುತ್ತಲಿನ ಜನಕ್ಕೆ ಮೊದಲೇ ತಿಳಿಸುವುದು ಘಟಕದ ಕರ್ತವ್ಯ. ನಿಮ್ಮ ಬೀದಿಗೆ ಆ ಮಾಹಿತಿ ಬಂದಿಲ್ಲ ಅಂದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯನ್ನು ಕೇಳಬಹುದು.

ಅಂಗಡಿಯವರಿಗೆ

ಕಾರ್ಖಾನೆ ಗೇಟಿನ ಎದುರು ಟೀ ಅಂಗಡಿ, ಮೆಸ್, ಪಂಕ್ಚರ್ ಶಾಪ್ ಚೆನ್ನಾಗಿ ನಡೆಯುತ್ತೆ. ಸಕ್ಕರೆ ಕಾರ್ಖಾನೆ, ತಂಬಾಕು ಹರಾಜು ಇರುವ ಕಡೆ ವ್ಯಾಪಾರ ಸೀಸನ್ನಿನದು ಅನ್ನುವುದು ನೆನಪಿರಲಿ. ಬಾಡಿಗೆ ಕರಾರು ಮಾಡುವಾಗ ಅರೆಯುವ ತಿಂಗಳು ನೋಡಿ ವರ್ಷದ ಲೆಕ್ಕ ಹಾಕಬೇಡಿ.

ಪುರಸಭೆ ಅಥವಾ ಪಂಚಾಯ್ತಿಯ ಟ್ರೇಡ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗಲ್ಲ. ಆ ವಲಯದಲ್ಲಿ ಅಂಗಡಿಗೆ ಅವಕಾಶ ಇದೆಯೇ ಅಂತ ವಲಯ ನಿಯಮದಲ್ಲಿ ಬೇರೆ ನೋಡಬೇಕು. ಹೆದ್ದಾರಿ ಬದಿಯಾದರೆ ರಸ್ತೆ ಮಧ್ಯದಿಂದ ಎಷ್ಟು ದೂರ ಬಿಡಬೇಕು ಅಂತ ಲೋಕೋಪಯೋಗಿ ಅಥವಾ ಹೆದ್ದಾರಿ ಕಚೇರಿಯಲ್ಲಿ ಕೇಳಿ. ರಸ್ತೆ ಅಗಲ ಆದಾಗ ಮೊದಲು ಹೋಗುವುದು ಮುಂದಕ್ಕೆ ಎಳೆದ ಶೀಟು, ಕಟ್ಟೆ. ಲಾರಿ ನಿಲ್ಲಲು ಜಾಗ ಇಲ್ಲದ ಕಡೆ ಸಾಲು ನಿಮ್ಮ ಅಂಗಡಿ ಮುಂದೆಯೇ ನಿಲ್ಲುತ್ತೆ. ಲಾರಿ ನಿಲುಗಡೆಗೆ ಜಾಗ ಗುರುತಿಸಿ ಅಂತ ಕೇಳುವುದೂ ಮಾಸ್ಟರ್ ಪ್ಲಾನ್ ಆಕ್ಷೇಪಣೆಯ ವಿಷಯವೇ.

ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ನೋಡಿ

1. ಸರ್ವೆ ನಂಬರ್ ಹಿಡಿದು ಯೋಜನಾ ಕಚೇರಿಗೆ ಹೋಗಿ, ಆ ಜಾಗ ಯಾವ ವಲಯದಲ್ಲಿದೆ ಅಂತ ಬರಹದಲ್ಲಿ ತಗೊಳ್ಳಿ. ಏಜೆಂಟ್ ತೋರಿಸುವ ಬಣ್ಣದ ಬ್ರೋಷರ್ ನಕ್ಷೆ ಅಲ್ಲ.

2. ಪಕ್ಕದ ಸರ್ವೆ ನಂಬರುಗಳ ವಲಯವನ್ನೂ ಕೇಳಿ. ಇವತ್ತು ಖಾಲಿ ಇರುವ ಜಾಗ ಕೈಗಾರಿಕೆ ವಲಯ ಆಗಿದ್ದರೆ ನಾಳೆ ಅಲ್ಲಿ ಶೆಡ್ ಬರುತ್ತೆ. ಅದನ್ನು ತಡೆಯೋಕೆ ಆಗಲ್ಲ.

3. ಭೂ ಕಂದಾಯ ಕಾಯ್ದೆ 1964ರ ಕಲಂ 95ರ ಕನ್ವರ್ಷನ್ ಆದೇಶ ನೋಡಿ. ವಸತಿಗೆ ಆಗಿದೆಯೋ, ಕೈಗಾರಿಕೆಗೆ ಆಗಿದೆಯೋ ಓದಿ. ಕನ್ವರ್ಷನ್ ಬೇರೆ, ಲೇಔಟ್ ಅನುಮೋದನೆ ಬೇರೆ, ಎರಡೂ ಬೇಕು.

4. ಕೆಐಎಡಿಬಿ ಕಾಯ್ದೆಯ 28(1) ಪ್ರಾಥಮಿಕ ಅಥವಾ 28(4) ಅಂತಿಮ ಅಧಿಸೂಚನೆಯಲ್ಲಿ ಆ ಸರ್ವೆ ನಂಬರ್ ಇದೆಯೇ ಅಂತ ಪರಿಶೀಲಿಸಿ. ಇದ್ದರೆ ಆ ಜಾಗ ಸ್ವಾಧೀನದ ಹಾದಿಯಲ್ಲಿದೆ ಅಂತ ಅರ್ಥ.

5. ಬಿ-ಖಾತೆ ಅಥವಾ ಪಂಚಾಯ್ತಿಯ 11-ಬಿ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ತೆರಿಗೆ ಕಟ್ಟಿಸಿಕೊಂಡಿದ್ದಾರೆ ಅಂದರೆ ಯೋಜನಾ ಅನುಮತಿ ಕೊಟ್ಟಿದ್ದಾರೆ ಅಂತ ಅಲ್ಲ.

6. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಹೋಲಿಸಿ. ರಾತ್ರಿ 11ಕ್ಕೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಅಲ್ಲಿಗೆ ಹೋಗಿ ನಿಂತು ನೋಡಿ. ಭಾನುವಾರ ಮಧ್ಯಾಹ್ನ ಎಲ್ಲ ಜಾಗವೂ ಶಾಂತವಾಗೇ ಇರುತ್ತೆ.

ಆಕ್ಷೇಪಣೆ ಹಾಕುವುದು ಹೇಗೆ?

ಬಿಳಿ ಹಾಳೆಯಲ್ಲಿ ಸರ್ವೆ ನಂಬರ್, ಪ್ರಕಟಣೆಯ ದಿನಾಂಕ, ನಿಮ್ಮ ಮನೆ ಅಥವಾ ಅಂಗಡಿ ಎಷ್ಟು ದೂರ ಇದೆ, ಏನು ಬೇಕು ಅಂತ ಬರೆಯಿರಿ. "ವಿರೋಧ ಇದೆ" ಅನ್ನುವುದಕ್ಕಿಂತ "ಕಾರ್ಖಾನೆ ಕಾಂಪೌಂಡಿನಿಂದ ಇಷ್ಟು ಮೀಟರ್ ಹಸಿರು ಪಟ್ಟಿ ಬಿಡಿ, ಲಾರಿಗೆ ಬೇರೆ ರಸ್ತೆ ತೋರಿಸಿ" ಅಂದರೆ ಉತ್ತರ ಕೊಡಲೇಬೇಕಾಗುತ್ತೆ. ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಕ್ಷೆ, ಸಮ್ಮತಿ ಪತ್ರದ ಷರತ್ತು ಬೇಕಾದರೆ ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ.

ಕಾರ್ಖಾನೆ ಸುತ್ತ ಬಿಟ್ಟ ಖಾಲಿ ಜಾಗವನ್ನು ಹಾಳು ಬಿದ್ದ ಜಾಗ ಅಂತ ನೋಡುವ ಅಭ್ಯಾಸ ನಮ್ಮಲ್ಲಿದೆ. ಅಲ್ಲೇ ಲೇಔಟ್ ಮಾಡಿದರೆ ಊರು ಉದ್ಧಾರ ಅನ್ನುವವರೂ ಇದ್ದಾರೆ. ಆದರೆ ಅಲ್ಲಿ ಮನೆ ಬಂದ ದಿನದಿಂದ ಕಾರ್ಖಾನೆಗೆ ವಿಸ್ತರಣೆ ಕಷ್ಟ, ಮನೆಯವರಿಗೆ ನಿದ್ದೆ ಕಷ್ಟ. ಮುಂದಿನ ಸಲ ಪತ್ರಿಕೆಯಲ್ಲಿ ಭೂ ಬಳಕೆ ಬದಲಾವಣೆ ಪ್ರಕಟಣೆ ಕಂಡರೆ ಸರ್ವೆ ನಂಬರ್ ಓದಿ. ನಿಮ್ಮೂರಿನದಾದರೆ ಕತ್ತರಿಸಿ ಇಟ್ಟುಕೊಂಡು, ಗಡುವು ಮುಗಿಯುವುದರೊಳಗೆ ಒಂದು ಅರ್ಜಿ ಕೊಟ್ಟು ಬನ್ನಿ.