ಕ್ಯಾನ್ಸರ್ ವಾಸಿ ಆಗಂಗಿಲ್ಲ ಅಂದ್ರೂ ನೋವಿಗೆ ಔಷಧಿ ಐತಿ: ಮನೆಯಲ್ಲೇ ಉಪಶಾಮಕ ಆರೈಕೆ ಪಡೆಯೋದು ಹೇಗೆ?

ಮೈಲಾರ (ಹೂವಿನಹಡಗಲಿ): "ಇನ್ನೇನೂ ಮಾಡಾಕ ಆಗಂಗಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ." ಕ್ಯಾನ್ಸರ್ ಕೊನೆ ಹಂತ ತಲುಪಿದವರ ಮನೆಯವರು ಆಸ್ಪತ್ರೆಯಲ್ಲಿ ಕೇಳಿಸಿಕೊಳ್ಳುವ ಮಾತು ಇದು. ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಅಂತ ಓಡಾಡಿ, ಸಾಲ ಮಾಡಿ, ಬಂಗಾರ ಒತ್ತೆ ಇಟ್ಟು, ಕೊನೆಗೆ ಒಂದು ಡಿಸ್ಚಾರ್ಜ್ ಚೀಟಿ ಹಿಡಿದು ಊರಿಗೆ ವಾಪಸ್ ಬರ್ತಾರೆ. ರಾತ್ರಿ ಎರಡು ಗಂಟೆಗೆ ನೋವು ಶುರುವಾದ್ರೆ ಯಾರನ್ನ ಕೇಳಬೇಕು ಅನ್ನೋದು ಬಹಳ ಸಲ ಆ ಚೀಟಿಯಲ್ಲಿ ಬರೆದಿರಲ್ಲ.

ರೋಗ ವಾಸಿಯಾಗದಿದ್ದರೂ ನೋವು, ವಾಂತಿ, ದಮ್ಮು, ಗಾಯದ ವಾಸನೆ ಇವನ್ನೆಲ್ಲ ಕಡಿಮೆ ಮಾಡಬಹುದು. ಇದರ ಬಹುಪಾಲು ಕೆಲಸ ಮನೆಯಲ್ಲೇ ಆಗುತ್ತೆ. ಇದಕ್ಕೆ ಉಪಶಾಮಕ ಆರೈಕೆ ಅಂತಾರೆ. ಆಸ್ಪತ್ರೆಯಲ್ಲಿ ಕೇಳುವಾಗ 'ಪ್ಯಾಲಿಯೇಟಿವ್ ಕೇರ್' ಅಂದ್ರೆ ಬೇಗ ಗೊತ್ತಾಗುತ್ತೆ.

ಏನಿದು ಉಪಶಾಮಕ ಆರೈಕೆ?

ರೋಗಿಯ ನೋವಿನ ಜೊತೆ ಅವರ ಭಯ, ಮನೆಯವರ ಚಿಂತೆ, ಖರ್ಚಿನ ತಾಪತ್ರಯ ಎಲ್ಲವನ್ನೂ ನೋಡಿಕೊಳ್ಳುವ ಚಿಕಿತ್ಸೆ ಇದು. ವೈದ್ಯರು, ನರ್ಸ್, ಆಪ್ತ ಸಮಾಲೋಚಕರು, ಸ್ವಯಂಸೇವಕರು ಸೇರಿ ಮಾಡ್ತಾರೆ. ಕೊನೆ ದಿನಗಳಿಗೆ ಮಾತ್ರ ಅಂತ ಕಾಯಬೇಕಾಗಿಲ್ಲ. ಕಿಮೋ, ರೇಡಿಯೇಶನ್ ನಡೀತಿರುವಾಗಲೇ ಶುರು ಮಾಡಬಹುದು. ದಯಾಮರಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಾವನ್ನ ಬೇಗ ತರಿಸೋದು ಇದರ ಉದ್ದೇಶ ಅಲ್ಲವೇ ಅಲ್ಲ.

ಜಗತ್ತಿನಲ್ಲಿ ಇಂಥ ಆರೈಕೆ ಬೇಕಾದವರ ಪೈಕಿ ಸುಮಾರು 14% ಜನಕ್ಕೆ ಮಾತ್ರ ಅದು ಸಿಗ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದೇಶದಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ 2012ರಲ್ಲೇ ಶುರುವಾಗಿದೆ. ಆದರೂ ಹಳ್ಳಿಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ.

ಎಲ್ಲೆಲ್ಲಿ ನಡೀತಿದೆ?

ಬೆಂಗಳೂರಿನ ಕರುಣಾಶ್ರಯ ರಾಜ್ಯದಲ್ಲಿ ಇದಕ್ಕೆ ಹೆಸರಾದ ಸಂಸ್ಥೆ. ಇದನ್ನ ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಶುರುವಾಗಿದ್ದು 1994ರಲ್ಲಿ. ಕಟ್ಟಡ ಕಟ್ಟುವ ಮೊದಲೇ, 1995ರಿಂದ, ಇವರ ತಂಡ ರೋಗಿಗಳ ಮನೆ ಮನೆಗೆ ಹೋಗಿ ನೋಡಿಕೊಳ್ತಿತ್ತು. ಒಳರೋಗಿಗಳ ಕೇಂದ್ರ ಆಮೇಲೆ, 1999ರಲ್ಲಿ ಬಂತು. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಸೇವೆ ಉಚಿತ. ಮೈಸೂರು ಭಾಗದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ತಂಡ ಮನೆಗೇ ಹೋಗಿ ಆರೈಕೆ ಕೊಡುತ್ತೆ.

ಪಕ್ಕದ ಕೇರಳದಲ್ಲಿ ಇದು ಊರವರ ಕೆಲಸವೇ ಆಗಿದೆ. ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಒಂದು ಸಣ್ಣ ಹೊರರೋಗಿ ಕ್ಲಿನಿಕ್ ಆಗಿ ಶುರುವಾದದ್ದು, ಮುಂದೆ ಮಲಪ್ಪುರಂ ಸುತ್ತಮುತ್ತ ಸ್ವಯಂಸೇವಕರ ಜಾಲವಾಗಿ ಬೆಳೀತು. 2008ರಲ್ಲಿ ಅಲ್ಲಿನ ಸರ್ಕಾರ ಉಪಶಾಮಕ ಆರೈಕೆಗೆ ಅಂತಲೇ ನೀತಿ ತಂದಿತು. ಅಲ್ಲಿಂದ ಗ್ರಾಮ ಪಂಚಾಯಿತಿ ಕಡೆಯಿಂದಲೇ ನರ್ಸ್ ಮನೆಗೆ ಬರುವ ವ್ಯವಸ್ಥೆ ಆಯ್ತು. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡದ ಮನೆಗಳೂ ಈ ವ್ಯವಸ್ಥೆಯೊಳಗೇ ಬರ್ತವೆ.

ಮಾರ್ಫಿನ್: ಭಯ ಎಷ್ಟು, ನಿಜ ಎಷ್ಟು?

ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲ ಕ್ರಮವನ್ನ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿಕೊಟ್ಟಿದೆ. ಮೊದಲು ಪ್ಯಾರಾಸಿಟಮಾಲ್‌ನಂಥ ಮಾತ್ರೆ, ಅದಕ್ಕೆ ಬಗ್ಗದಿದ್ರೆ ಟ್ರಮಡಾಲ್‌ನಂಥದ್ದು, ಅದಕ್ಕೂ ಬಗ್ಗದಿದ್ರೆ ಮಾರ್ಫಿನ್. ನೋವು ಮೊದಲಿಂದಲೇ ಜೋರಾಗಿದ್ರೆ ವೈದ್ಯರು ನೇರವಾಗಿ ಮಾರ್ಫಿನ್ ಕೊಡಬಹುದು.

ಮಾರ್ಫಿನ್ ಅಂದ ಕೂಡಲೇ "ಚಟ ಹತ್ತುತ್ತೆ", "ಅದು ಕೊಟ್ರೆ ಬೇಗ ಹೋಗಿಬಿಡ್ತಾರೆ" ಅನ್ನೋ ಮಾತು ಬರುತ್ತೆ. ಕ್ಯಾನ್ಸರ್ ನೋವಿಗೆ, ವೈದ್ಯರು ಬರೆದ ಪ್ರಮಾಣದಲ್ಲೇ ತಗೊಂಡ್ರೆ, ಎರಡೂ ಭಯಕ್ಕೆ ಆಧಾರ ಇಲ್ಲ. ನೆನಪಿಡಬೇಕಾದ್ದು ಇಷ್ಟು:

- ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡೋದು ಸುಮಾರು 4 ತಾಸು. ಅದಕ್ಕೇ ಗಡಿಯಾರ ನೋಡಿ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬಾರದು.
- ಮಲಬದ್ಧತೆ ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ. ಅದಕ್ಕೆ ಮಾತ್ರೆಯನ್ನ ಮೊದಲ ದಿನವೇ ಬರೆಸಿಕೊಳ್ಳಬೇಕು.
- ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು. ಎಬ್ಬಿಸಿದ್ರೂ ಏಳದಷ್ಟು ನಿದ್ದೆ, ಉಸಿರು ತೀರಾ ನಿಧಾನ ಅನ್ನಿಸಿದ್ರೆ ತಡ ಮಾಡದೆ ವೈದ್ಯರನ್ನ ಕೇಳಬೇಕು.
- ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಉಳಿದ ಮಾತ್ರೆಯನ್ನ ಕೊಟ್ಟ ಆಸ್ಪತ್ರೆಗೇ ವಾಪಸ್ ಮಾಡಬೇಕು. ಒಬ್ಬರಿಗೆ ಬರೆದದ್ದನ್ನ ಇನ್ನೊಬ್ಬರಿಗೆ ಕೊಡಬಾರದು.

ಮಾರ್ಫಿನ್ ಸಿಗೋದು ಇಷ್ಟು ದಿನ ಕಷ್ಟ ಆಗಿದ್ದಕ್ಕೆ ಕಾನೂನೂ ಒಂದು ಕಾರಣ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಹಲವು ಲೈಸೆನ್ಸ್ ಪಡೀಬೇಕಿತ್ತು. ಆ ಗೊಡವೆಯೇ ಬೇಡ ಅಂತ ಎಷ್ಟೋ ಕಡೆ ತರಿಸೋದೇ ಬಿಟ್ಟರು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಮೇಲೆ ಅಫೀಮು ಬೆಳೆಯುವ ದೇಶದಲ್ಲೇ ರೋಗಿಗಳಿಗೆ ಮಾರ್ಫಿನ್ ಇಲ್ಲದಂಗಾಯ್ತು. 2014ರಲ್ಲಿ ಕಾಯ್ದೆ ತಿದ್ದುಪಡಿ ಆಗಿ ನಿಯಮ ಸಡಿಲ ಆಯ್ತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಇದನ್ನ ಇಟ್ಟುಕೊಂಡು ರೋಗಿಗೆ ಕೊಡಬಹುದು. ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಇದು ಸಿಗುತ್ತೆ ಅಂತ ನಂಬಿಕೊಂಡು ಊರಿಗೆ ಬರಬಾರದು.

ಡಿಸ್ಚಾರ್ಜ್ ಆಗುವ ಮುಂಚೆ ಕೇಳಬೇಕಾದ 5 ಪ್ರಶ್ನೆ

ಮೈಲಾರಕ್ಕೆ ಬಂದ ಮೇಲೆ ಒಂದು ಸಹಿಗೋಸ್ಕರ ಮತ್ತೆ ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಬೇಕು ಅಂದ್ರೆ ಒಂದು ದಿನದ ಕೂಲಿ, ಗಾಡಿ ಬಾಡಿಗೆ ಹೋದಂಗೆ. ಆದ್ದರಿಂದ ಅಲ್ಲೇ ಕೇಳಿ ಬರೆಸಿಕೊಳ್ಳಿ.

1. ಇಲ್ಲಿ ಪ್ಯಾಲಿಯೇಟಿವ್ ಕೇರ್ ಅಥವಾ ನೋವು ನಿವಾರಣಾ ವಿಭಾಗ ಇದೆಯಾ? ಒಮ್ಮೆ ಅಲ್ಲಿ ತೋರಿಸಬಹುದಾ?
2. ನೋವಿನ ಮಾತ್ರೆ ಎಷ್ಟು ದಿನಕ್ಕೆ ಕೊಡ್ತೀರಿ? ಮುಗಿದ್ರೆ ರೋಗಿ ಬರದೆ ಮನೆಯವರು ಬಂದು ತಗೊಂಡು ಹೋಗಬಹುದಾ?
3. ಮಧ್ಯದಲ್ಲಿ ನೋವು ಏರಿದ್ರೆ ಎಷ್ಟು ಹೆಚ್ಚುವರಿ ಕೊಡಬಹುದು?
4. ಫೋನ್ ಮಾಡಿ ಕೇಳೋಕೆ ಆಸ್ಪತ್ರೆಯ ನಂಬರ್ ಯಾವುದು?
5. ನಮ್ಮೂರಿನ ಸರ್ಕಾರಿ ವೈದ್ಯರಿಗೆ ತೋರಿಸೋಕೆ ಒಂದು ಪತ್ರ ಬರೆದುಕೊಡ್ತೀರಾ?

ಊರಲ್ಲಿ ಯಾರ ಹತ್ತಿರ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ. ಉಪಕೇಂದ್ರಗಳನ್ನ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಕರೀತಾರೆ. ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆಯೂ ಸೇರಿದೆ. ಅಂದ್ರೆ ಇದನ್ನ ಕೇಳೋದು ಯಾರ ಹತ್ತಿರವೂ ಬೇಡಿಕೊಂಡಂಗಲ್ಲ, ಪಟ್ಟಿಯಲ್ಲಿರುವ ಸೇವೆ. ಸಮುದಾಯ ಆರೋಗ್ಯಾಧಿಕಾರಿ ಅಥವಾ ನರ್ಸ್ ಮನೆಗೆ ಬಂದು ಗಾಯಕ್ಕೆ ಡ್ರೆಸ್ಸಿಂಗ್ ಮಾಡೋದು, ಮೂತ್ರದ ಪೈಪು, ಮೂಗಿನ ಪೈಪು ನೋಡೋದನ್ನ ಮನೆಯವರಿಗೆ ಹೇಳಿಕೊಡಬಹುದು. ಮಾತ್ರೆ ಬದಲಾಯಿಸೋದಿದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಹಡಗಲಿ ತಾಲೂಕು ಆಸ್ಪತ್ರೆಯ ವೈದ್ಯರನ್ನ ಕಾಣಬೇಕು. ಮಾಹಿತಿ, ಸಲಹೆಗೆ 104 ಆರೋಗ್ಯ ಸಹಾಯವಾಣಿ ಇದೆ.

ಮನೆಯಲ್ಲಿ ಮಾಡಬೇಕಾದ್ದು

ಗಾಯ: ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಸ್ವಚ್ಛ ಹತ್ತಿ ಬಟ್ಟೆ ಮುಚ್ಚಬೇಕು. ವಾಸನೆ ಇದ್ರೆ ಮೆಟ್ರೊನಿಡಜೋಲ್ ಮಾತ್ರೆಯನ್ನ ಪುಡಿ ಮಾಡಿ ಗಾಯದ ಮೇಲೆ ಉದುರಿಸೋಕೆ ವೈದ್ಯರು ಹೇಳ್ತಾರೆ, ಕೇಳಿ. ಮೈಲಾರಪ್ಪನ ಭಂಡಾರ ಹಣೆಗೆ ಹಚ್ಚಿರಿ. ತೆರೆದ ಗಾಯಕ್ಕೆ ಭಂಡಾರ, ಸೊಪ್ಪಿನ ರಸ ಬೇಡ. ರಕ್ತ ಬರುವ ಗಾಯ ಇದ್ರೆ ಕಪ್ಪು ಅಥವಾ ಕೆಂಪು ಬಣ್ಣದ ಟವೆಲ್ ಹತ್ತಿರ ಇಟ್ಟುಕೊಳ್ಳಿ. ರಕ್ತ ಎದ್ದು ಕಾಣದಿದ್ರೆ ರೋಗಿಯೂ ಮನೆಯವರೂ ಅಷ್ಟು ಗಾಬರಿ ಆಗಲ್ಲ.

ಬೆನ್ನು: ಮಲಗಿದಲ್ಲೇ ಇರುವವರನ್ನ ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಚರ್ಮ ಕೆಂಪಾದ ಕಡೆ ತಿಕ್ಕಬಾರದು.

ಬಾಯಿ: ಗುಟ್ಕಾ, ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್‌ನಲ್ಲಿ ಇದು ಮುಖ್ಯ. ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ.

ಊಟ: ಗಂಜಿ, ಅಂಬಲಿ, ಮಜ್ಜಿಗೆ, ಏನು ಸೇರುತ್ತೋ ಅಷ್ಟು, ಸ್ವಲ್ಪ ಸ್ವಲ್ಪ. ಕೊನೆ ದಿನಗಳಲ್ಲಿ ಹಸಿವು ತಾನಾಗೇ ಹೋಗುತ್ತೆ. "ಉಣ್ಣಲಿಲ್ಲ ಅಂದ್ರ ಹೆಂಗ" ಅಂತ ಬಲವಂತ ಮಾಡಿದ್ರೆ ನೆತ್ತಿಗೆ ಹತ್ತುತ್ತೆ, ಸಂಕಟ ಜಾಸ್ತಿ ಆಗುತ್ತೆ. ಮೂಗಿನ ಪೈಪಿನಲ್ಲಿ ಊಟ ಹಾಕುವಾಗ ತಲೆ ಎತ್ತರಿಸಿ ಕೂರಿಸಿ, ಆಮೇಲೂ ಅರ್ಧ ತಾಸು ಹಾಗೇ ಇರಲಿ.

ದಮ್ಮು: ದಿಂಬು ಕೊಟ್ಟು ಒರಗಿಸಿ ಕೂರಿಸಿ, ಕಿಟಕಿ ತೆರೀರಿ, ಫ್ಯಾನ್ ಗಾಳಿ ಮುಖಕ್ಕೆ ಬೀಳಲಿ. ಸುತ್ತ ಜನ ಗುಂಪುಗೂಡಬಾರದು.

ರೋಗಿಗೆ ಹೇಳಬೇಕಾ, ಬೇಡವಾ?

"ಅವ್ವಗ ಹೇಳಬ್ಯಾಡ್ರಿ" ಅಂತ ವೈದ್ಯರ ಕೈ ಹಿಡಿಯುವ ಮಕ್ಕಳೇ ಹೆಚ್ಚು. ಪ್ರೀತಿಯಿಂದಲೇ ಹೇಳೋದು. ಆದರೆ ತನ್ನ ಮೈಗೆ ಏನಾಗ್ತಿದೆ ಅಂತ ರೋಗಿಗೆ ಬಹಳ ಸಲ ಆಗಲೇ ಗೊತ್ತಾಗಿರುತ್ತೆ. ಇಬ್ಬರೂ ಮುಚ್ಚಿಟ್ಟುಕೊಂಡು, ಯಾರೂ ಯಾರ ಹತ್ತಿರವೂ ಬಾಯಿ ಬಿಡದೆ ದಿನ ಕಳೆದುಹೋಗ್ತವೆ. ಹೊಲ ಯಾರ ಹೆಸರಿಗೆ, ಮಗಳ ಮದುವೆ ಯಾರು ಮಾಡ್ತಾರೆ, ಯಾವ ದೇವರಿಗೆ ಹರಕೆ ಬಾಕಿ ಇದೆ, ಯಾರನ್ನ ಒಮ್ಮೆ ನೋಡಬೇಕು ಅನ್ನೋದನ್ನ ಹೇಳೋಕೆ ಅವರಿಗೂ ಸಮಯ ಬೇಕು. "ನಿನಗೇನು ಅನಸ್ತೈತಿ?" ಅಂತ ಕೇಳಿ ಸುಮ್ಮನೆ ಕೂತ್ರೆ ಸಾಕು, ಎಷ್ಟು ತಿಳಿಯಬೇಕು ಅಂತ ಅವರೇ ಹೇಳ್ತಾರೆ.

ಅಕ್ಕಪಕ್ಕದವರು, ಅಂಗಡಿಯವರು

ಕೇರಳದಲ್ಲಿ ಈ ಕೆಲಸ ನಿಂತಿದ್ದು ಊರವರ ಸಣ್ಣ ಸಣ್ಣ ದೇಣಿಗೆ ಮತ್ತು ವಾರಕ್ಕೆ ಒಂದೆರಡು ತಾಸು ಬಿಡುವು ಮಾಡಿಕೊಂಡ ಸ್ವಯಂಸೇವಕರ ಮೇಲೆ. ಜಾತ್ರೆಗೆ ಬಂದ ಲಕ್ಷಾಂತರ ಜನಕ್ಕೆ ನೀರು, ನೆರಳು ಕೊಟ್ಟು ಗೊತ್ತಿರುವ ಮೈಲಾರಕ್ಕೆ ಇದು ಹೊಸದೇನಲ್ಲ. ಹಡಗಲಿಗೆ ಹೋಗುವ ಗಾಡಿಯಲ್ಲಿ ಮಾತ್ರೆ ತರಿಸಿಕೊಡಬಹುದು. ರೋಗಿಯ ಹತ್ತಿರ ಎರಡು ತಾಸು ಕೂತು, ಹಗಲು ರಾತ್ರಿ ಒಬ್ಬಳೇ ನೋಡಿಕೊಳ್ತಿರುವ ಸೊಸೆಗೋ ಹೆಂಡತಿಗೋ ನಿದ್ದೆ ಮಾಡೋಕೆ ಬಿಡಬಹುದು. ಅಂಗಡಿಯ ಉದ್ರಿ ಲೆಕ್ಕವನ್ನ ನಾಲ್ಕು ದಿನ ಕೇಳದೆ ಇರಬಹುದು.

ಕ್ಯಾನ್ಸರ್ ಮುಟ್ಟಿದ್ರೆ ಅಂಟೋ ರೋಗ ಅಲ್ಲ. ಅವರ ಮನೆಗೆ ಹೋಗಿ, ಹತ್ತಿರ ಕೂತು, ಚಹಾ ಕುಡಿದು ಬರಬಹುದು.